ಮೂರನೇ ಸಲಕ್ಕೆ ಕಾಯುತ್ತಿದ್ದ ಕೊಟ್ರೇಶಪ್ಪ ಸರ್

ಕೊಟ್ರೇಶಪ್ಪ ಸರ್ ಯಾರ ಮನೆಗೆ ಹೋದರೂ ಮೊದಲು ನೆಲ ನೋಡುತ್ತಿದ್ದರು. ಮನೆಯವರು ಚಾಪೆ ಹಾಸುವಷ್ಟರಲ್ಲಿ ಇವರು ಪಡಸಾಲೆಯ ನಡುವೆ ಬಗ್ಗಿ ನಿಂತಿರುತ್ತಿದ್ದರು. ಕಸ ಗುಡಿಸಿಲ್ಲವೆಂದು ನೋಡುತ್ತಿದ್ದಾರೆ ಅಂದುಕೊಂಡು ಎಷ್ಟೋ ಹೆಣ್ಣುಮಕ್ಕಳು ನಾಚಿಕೆಯಿಂದ ಕಸಬರಿಗೆ ತಂದದ್ದುಂಟು. ಸರ್ ನೋಡುತ್ತಿದ್ದದ್ದು ಮಣ್ಣು ಹೊದಿಸಿದ ಮಾಳಿಗೆ ಚಾವಣಿಯ ಬೆಳಕಿಂಡಿಯಿಂದ ಕೆಳಗೆ ಬಿದ್ದ ಬಿಸಿಲಿನ ತುಣುಕನ್ನು. "ಗುಡಿಸಬ್ಯಾಡವಾ, ಧೂಳು ಏಳತೈತಿ. ಸೂರ್ಯ ನಿಮ್ಮ ಮನ್ಯಾಗ ಬಂದು ಕುಂತಾನ, ಸ್ವಲ್ಪ ಮಾತಾಡ್ಸಿ ಹೋಗತೀನಿ" ಅನ್ನುತ್ತಿದ್ದರು.

ಅವರು ಕೊಟ್ಟೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ನನಗೂ ಎಂಟನೇ ಇಯತ್ತೆಯಲ್ಲಿ ಅವರೇ ಮೇಷ್ಟ್ರು. ಬಿ.ಎಸ್ಸಿ. ಮುಗಿಸಿ ನಾನು ಹಡಗಲಿ ಕಡೆಯ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದಾಗ ಅವರು ಮತ್ತೆ ಸಿಕ್ಕರು. ಹೆಗಲಿಗೆ ಖಾಕಿ ಚೀಲ ಹಾಕಿಕೊಂಡು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಅಂತ ಬಸ್ಸಿನಲ್ಲಿ ಶಾಲೆಯಿಂದ ಶಾಲೆಗೆ ತಿರುಗುತ್ತಿದ್ದರು. ರಜೆಯ ದಿನ ನಾನೂ ಜೊತೆಗೆ ಹೋಗತೊಡಗಿದೆ. ಚೀಲದಲ್ಲಿ ಸಣ್ಣ ತೂತಿನ ಒಂದು ರಟ್ಟು, ಕೆಟ್ಟ ಸೋಲಾರ್ ದೀಪದಿಂದ ಬಿಚ್ಚಿದ ಪುಟ್ಟ ಫಲಕ, ಅದಕ್ಕೆ ಜೋಡಿಸಿದ ಮುಳ್ಳಿನ ಮೀಟರು ಇರುತ್ತಿದ್ದವು. ಇಷ್ಟರ ಮೇಲೆ ದಾರಕ್ಕೆ ಅಂಟಿಸಿದ ಒಂದು ಜೋಳದ ಕಾಳು. ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳನ್ನು ಹೇಗೆ ಕಂಡುಹಿಡಿಯುತ್ತಾರೆ ಅನ್ನುವುದನ್ನು ಅವರು ಇಷ್ಟರಲ್ಲೇ ತೋರಿಸುತ್ತಿದ್ದರು.

ಕತ್ತಲಾದ ಕೋಣೆ, ಮಾಳಿಗೆಯಲ್ಲಿ ಬೆಳಕಿಂಡಿ ಸಿಕ್ಕರೆ ಸಾಕು. ಕಿಂಡಿಗೆ ರಟ್ಟು ಮುಚ್ಚಿಸಿದರೆ ಆ ಸಣ್ಣ ತೂತಿನಿಂದ ಸೂರ್ಯನ ದುಂಡನೆ ಬಿಂಬ ನೆಲಕ್ಕೆ ಬೀಳುತ್ತಿತ್ತು. ಬಿಂಬದ ಕೆಳಗೆ ಫಲಕ ಇಟ್ಟು, ಅದರ ಮುಂದೆ ಜೋಳದ ಕಾಳನ್ನು ಮೆಲ್ಲಗೆ ಹಾಯಿಸುತ್ತಿದ್ದರು. ಮೀಟರಿನ ಮುಳ್ಳು ಒಂದು ಗೆರೆ ಇಳಿದು ಮತ್ತೆ ಏರುತ್ತಿತ್ತು. "ಅಷ್ಟು ದೂರದ ಗ್ರಹ ಯಾರ ಕಣ್ಣಿಗೂ ಬೀಳಂಗಿಲ್ಲ. ತನ್ನ ಸೂರ್ಯನ ಮುಂದ ಹಾದು ಹೋಗುವಾಗ ಬೆಳಕು ಇಷ್ಟು ಕಡಿಮಿ ಮಾಡತೈತಿ ನೋಡ್ರಿ, ಅಷ್ಟ ಅದರ ಗುರುತು" ಅನ್ನುತ್ತಿದ್ದರು. ಮಕ್ಕಳು ಮುಳ್ಳನ್ನು ನೋಡುತ್ತಿದ್ದರು, ಅವರು ಮಕ್ಕಳನ್ನು ನೋಡುತ್ತಿದ್ದರು.

ಕೊಟ್ಟೂರಿನಲ್ಲಿ ಅವರು ಮಿರ್ಚಿ ತಿನ್ನುವ ಅಂಗಡಿಯವನಿಗೆ ಇದೆಲ್ಲ ತಮಾಷೆ. ಒಮ್ಮೆ ಪೇಪರಿನಲ್ಲಿ 'ಇನ್ನೊಂದು ಭೂಮಿ ಪತ್ತೆ' ಎಂದು ಬಂದಿತ್ತು.

"ಸರ, ಅಲ್ಲಿ ಸೈಟಿನ ರೇಟ್ ಹೆಂಗೈತ್ರಿ? ಈಗ ಹಿಡದು ಹಾಕಿದರ ಮುಂದ ಲಾಭ ಐತೇನು?"

"ಸೈಟ್ ಐತೋ ಇಲ್ಲೋ ಗೊತ್ತಿಲ್ಲಪಾ. ಓಣಿ ಚಲೋ ಐತಿ ಅಂತ ಅಷ್ಟ ಗೊತ್ತಾಗೈತಿ."

ಆಮೇಲೆ ನನ್ನ ಕಡೆ ತಿರುಗಿ ಹೇಳಿದರು. "ರೊಟ್ಟಿ ಸುಟ್ಟ ಮ್ಯಾಲೆ ಒಲಿಗೆ ಆನಿಸಿ ನಿಲ್ಲಸ್ತಾರಲ್ಲ ತಂಗಿ, ಹಂಗ. ಕಿಚ್ಚಿಗೆ ಹತ್ತಿದರ ಕರ್ರಗಾಗತೈತಿ, ದೂರ ಇಟ್ಟರ ಮೆತ್ತಗ ಉಳೀತೈತಿ. ಈ ಗ್ರಹ ಸರಿಯಾದ ದೂರದಾಗ ಐತಿ. ನೀರು ನೀರಾಗೇ ನಿಲ್ಲಬಹುದು. ನೀರು ಐತಿ ಅಂತ ಯಾರೂ ಹೇಳಿಲ್ಲ. ಪೇಪರನವರಿಗೆ ಅವಸರ."

ಅವಸರ ಅನ್ನುವುದು ಅವರ ಬಾಯಲ್ಲಿ ಬೈಗುಳ. ಮುಳ್ಳು ಮೊದಲ ಸಲ ಇಳಿದರೆ ಮೋಡ ಇರಬಹುದು, ಎರಡನೇ ಸಲ ನೊಣ ಇರಬಹುದು, ಅಷ್ಟೇ ಹೊತ್ತು ಬಿಟ್ಟು ಮೂರನೇ ಸಲವೂ ಇಳಿದರೆ ಆಗ ಗ್ರಹ ಅನ್ನಬೇಕು. ಇದನ್ನು ಮಕ್ಕಳಿಂದ ಬಾಯಿಪಾಠದಂತೆ ಹೇಳಿಸುತ್ತಿದ್ದರು. ಹರಪನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಸಮಾರಂಭದ ಅಧ್ಯಕ್ಷರು, ಜೀವಿಗಳಿರುವ ಗ್ರಹ ಸಿಕ್ಕಿದೆ, ಈಗ ನಮ್ಮ ಸರ್ ಅದನ್ನು ತೋರಿಸುತ್ತಾರೆ ಎಂದರು. ಸರ್ ಎದ್ದು ಮೈಕು ಹಿಡಿದು, "ಅಧ್ಯಕ್ಷರು ಹೇಳಿದ್ದು ಇನ್ನೂ ಯಾರಿಗೂ ಗೊತ್ತಿಲ್ಲ" ಎಂದರು. ಆ ದಿನ ಊಟಕ್ಕೆ ಯಾರೂ ಕರೆಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ತಿನ್ನುವಾಗ ನಾನು ಸಿಡಿಮಿಡಿಗೊಂಡಿದ್ದೆ. "ಇರಲಿ ಬಿಡು. ಆ ಹುಡುಗರು ನಾಳೆ ಯಾರು ಏನ ಹೇಳಿದರೂ ನಂಬಬಾರದಲ್ಲ" ಎಂದು ಸಿಪ್ಪೆಯನ್ನು ಅಲ್ಲಿದ್ದ ಆಕಳಿಗೆ ಕೊಟ್ಟರು.

ಇಟ್ಟಿಗಿಯಿಂದ ಮುಂದೆ, ಹೆಸರು ಬೇಡ, ಒಂದು ಸಣ್ಣ ಊರಿಗೆ ಹೋದದ್ದು ಮಳೆ ನಿಂತ ಮರುದಿನ. ವಾರವೆಲ್ಲ ಜಿಟಿಜಿಟಿ ಹಿಡಿದಿದ್ದ ಮಳೆ ಬಿಟ್ಟು ಬಿಸಿಲು ಚುರುಕಾಗಿತ್ತು. ಶಾಲೆಯ ಕಿಟಕಿಗಳಿಗೆ ಬಾಗಿಲಿರಲಿಲ್ಲ, ಕತ್ತಲು ಮಾಡುವಂತಿರಲಿಲ್ಲ. ಬಿಸಿಯೂಟದ ಅಡುಗೆ ಮಾಡುವ ಗಾಳೆವ್ವ, "ನಮ್ಮನಿ ಮಾಳಗಿ ಐತಿ, ಬರ್ರಿ" ಎಂದು ಎಲ್ಲರನ್ನೂ ಕರೆದುಕೊಂಡು ಹೋದಳು. ನಲವತ್ತು ದಾಟಿದ, ಗಟ್ಟಿ ಕಂಠದ ಹೆಂಗಸು.

"ಮಾಳಗಿ ಸೋರಂಗಿಲ್ಲೇನವಾ?" ಎಂದರು ಸರ್.

"ಹನಿ ಬಿದ್ದರ ಕೇಳ್ರಿ. ವರ್ಷಾ ವರ್ಷಾ ಮಳಿಗೆ ಮುಂಚೆ ಮ್ಯಾಲೆ ಸವಳು ಮಣ್ಣು ಹಾಕಸ್ತೀನಿ. ನಮ್ಮತ್ತಿನೂ ಹಾಕಸ್ತಿದ್ದಳು. ಒಂದು ವರ್ಷಾನೂ ತಪ್ಪಿಸಿಲ್ಲ."

ನಮ್ಮ ಸೀಮೆಯಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಸವಳು ಮಣ್ಣು ನೀರನ್ನು ಕೆಳಗೆ ಬಿಡುವುದಿಲ್ಲ. ಹಳೆಯ ಮಣ್ಣು ಕೆರೆದು ತೆಗೆಯದೆ ಅದರ ಮೇಲೆ ಹೊಸದು ಹಾಕುತ್ತಾ ಹೋದರೆ ಕೆಳಗಿನ ಮರದ ಜಂತಿಗಳು ಎಷ್ಟು ಭಾರ ಹೊರಬೇಕಾಗುತ್ತದೆ ಅನ್ನುವುದನ್ನು ಯಾರೂ ಯೋಚಿಸುವುದಿಲ್ಲ. ಸೋರದ ಮಾಳಿಗೆ ಗಟ್ಟಿ ಮಾಳಿಗೆ. ನಾನೂ ಹಾಗೇ ತಿಳಿದಿದ್ದೆ.

ಮಕ್ಕಳು ಗೋಡೆಗುಂಟ ಕೂತರು. ಮೀಟರಿನ ಮುಂದೆ ನಾನು. ಗಾಳೆವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. "ಸರ, ನಿಮ್ಮ ಗ್ರಹದಾಗ ಬಿಸಿಯೂಟ ಐತೇನ್ರಿ?"

"ಅಕ್ಕಿ ತೊಳ್ಯಾಕ ನೀರು ಐತೋ ಇಲ್ಲೋ ಅಂತ ಇನ್ನಾ ಹುಡುಕಾಕತ್ತಾರ."

"ಹಂಗಾರ ನಾ ಬರಂಗಿಲ್ಲ ತಗೀರಿ. ಇಲ್ಲೇ ಮಂಡಕ್ಕಿ ಒಗ್ಗರಣಿ ಹಾಕತೀನಿ" ಎಂದು ಒಳಗೆ ಹೋದಳು. ಮಕ್ಕಳು ನಕ್ಕರು.

ಸರ್ ಕಾಳು ಹಾಯಿಸಿದರು. ಮುಳ್ಳು ಇಳಿಯಿತು, ಏರಿತು. ಕಾಳನ್ನು ಕೈಯಲ್ಲಿ ಸುತ್ತಿಕೊಂಡು ಮಾತಿಗೆ ನಿಂತರು. ಆಗ ಯಾವ ಕಾಳೂ ಇಲ್ಲದೆ ಮುಳ್ಳು ಇಳಿಯಿತು.

"ಸರ, ಕಡಿಮಿ ಆತು."

"ಮೋಡ ಇರಬೇಕು."

ಬಾಗಿಲ ಬಳಿ ಕೂತಿದ್ದ ಹುಡುಗಿ ಹೊರಗೆ ಇಣುಕಿ, "ಮೋಡ ಇಲ್ರಿ ಸರ" ಎಂದಳು. ಸರ್ ಮುಖ ಅರಳಿತು. ಪಾಠ ತಾನಾಗಿಯೇ ನಡೆಯುತ್ತಿತ್ತು. ಮತ್ತೆ ಮುಳ್ಳು ಇಳಿಯಿತು.

"ಈಗ ಏನನ್ನಬೇಕು?"

"ನೊಣ" ಎಂದು ಮಕ್ಕಳೆಲ್ಲ ಒಟ್ಟಿಗೆ ಹೇಳಿದರು.

"ಹೌದಲ್ಲ. ಮತ್ತ ಏನು ಮಾಡಬೇಕು?"

"ಮೂರನೇದಕ್ಕ ಕಾಯಬೇಕ್ರಿ."

ಕಾದೆವು. ಒಳಗೆ ಒಗ್ಗರಣೆ ಚಟಪಟ ಅನ್ನುತ್ತಿತ್ತು. ಬಿಸಿಲಿನ ಕೋಲಿನಲ್ಲಿ ಮಣ್ಣಿನ ಪುಡಿ ಸಣ್ಣಗೆ ಇಳಿಯುತ್ತಿದ್ದದ್ದು ಈಗ ನನಗೆ ಕಾಣುತ್ತದೆ. ಆಗ ಕಂಡಿತ್ತೋ ಇಲ್ಲವೋ ಹೇಳಲಾರೆ. ಮೂರನೇ ಸಲ ಮುಳ್ಳು ಇಳಿದದ್ದು ಮತ್ತೆ ಏರಲಿಲ್ಲ. ಬಿಂಬ ಫಲಕದಿಂದ ಪಕ್ಕಕ್ಕೆ ಜಾರಿತ್ತು. ಸೂರ್ಯ ಹಾಗೆ ಒಮ್ಮೆಗೇ ಜಾರುವುದಿಲ್ಲ. ಜಾರಿದ್ದು ಮಾಳಿಗೆಯ ಕಿಂಡಿ.

ಸರ್ ಕೂಗಲಿಲ್ಲ. "ಎಲ್ಲಾರೂ ಹೊರಗ ನಡೀರಿ. ಚಪ್ಪಲಿ ಬ್ಯಾಡ" ಎಂದರು. ತರಗತಿಯಲ್ಲಿ ಹೇಳುವ ದನಿಯೇ. ಅದಕ್ಕೇ ಮಕ್ಕಳು ನುಗ್ಗಾಡಲಿಲ್ಲವೇನೋ. ಬಾಗಿಲು ಗಿಡ್ಡ, ಒಬ್ಬೊಬ್ಬರೇ ತಲೆ ಬಗ್ಗಿಸಿ ದಾಟಬೇಕು. ಸರ್ ಒಂದು ಕೈಯನ್ನು ಮೇಲಿನ ಪಟ್ಟಿಗೆ ಕೊಟ್ಟು, ಇನ್ನೊಂದರಿಂದ ಪ್ರತಿ ಮಗುವಿನ ತಲೆ ತಗ್ಗಿಸುತ್ತಾ ನಿಂತರು. ಕಡೆಗೆ ನನ್ನನ್ನೂ ನೂಕಿದರು. "ಗಾಳೆವ್ವ, ಗಾಳೆವ್ವ" ಎಂದು ಒಳಕ್ಕೆ ಹೋದರು. ಅಂಗಳದಲ್ಲಿ ನಿಂತು ನಾನು ಕೇಳಿದ್ದು ಜಂತಿ ಮುರಿದ ಸದ್ದು, ಅದರ ಹಿಂದೆ ಮಣ್ಣು ಕುಸಿದ ಮೆತ್ತನೆಯ ಸದ್ದು. ಬಾಗಿಲಿನಿಂದ ಧೂಳು ಹೊಗೆಯ ಹಾಗೆ ಬಂತು.

ಊರಿನವರು ಸಲಿಕೆ, ಹಾರೆ ತಂದು ಅಗೆದರು. ಸರ್ ನಡುಗೋಡೆಯ ಮಗ್ಗುಲಿಗೆ ಸಿಕ್ಕಿಕೊಂಡಿದ್ದರು, ಭುಜ ಮುರಿದಿತ್ತು, ಉಸಿರಿತ್ತು. ಗಾಳೆವ್ವ ಒಲೆಯ ಮುಂದೆ ಇದ್ದಳು. ಅವಳು ಉಳಿಯಲಿಲ್ಲ.

ಮಕ್ಕಳ ತಂದೆತಾಯಿಗಳು ಹಡಗಲಿಯ ಆಸ್ಪತ್ರೆಗೆ ಹಾರ ತಂದರು. ನೀವಿದ್ದಿದ್ದಕ್ಕೆ ನಮ್ಮ ಹುಡುಗರು ಉಳಿದವು ಎಂದು ಕಾಲು ಮುಟ್ಟಿದರು. ಅದು ಸುಳ್ಳಲ್ಲ. ಅವರ ಬದಲು ಮುಳ್ಳಿನ ಪರಿಚಯವಿಲ್ಲದ ಯಾರಾದರೂ ಅಲ್ಲಿದ್ದಿದ್ದರೆ ಕಡೆಯವರೆಗೂ ಕೂತೇ ಇರುತ್ತಿದ್ದೆವು. ಸರ್ ಗೋಡೆಯ ಕಡೆ ತಿರುಗಿ ಮಲಗಿದರು.

ಭುಜ ಕೂಡಿದ ಮೇಲೆ ಅವರು ಹರಪನಹಳ್ಳಿಯ ತಂಗಿಯ ಮನೆಯಲ್ಲಿದ್ದರು. ನಾನು ನೋಡಲು ಹೋದಾಗ ಆಕೆ ಬಾಗಿಲಲ್ಲೇ ತಡೆದು ಮೆಲ್ಲಗೆ ಹೇಳಿದರು. "ಅಣ್ಣ ಊಟ ಸರಿಯಾಗಿ ಮಾಡಲ್ಲಮ್ಮ. ಬಂದೋರ್ನೆಲ್ಲ ಅದೊಂದೇ ಕೇಳ್ತಾನೆ. ಇಲ್ಲ ಅಂತ ಹೇಳಿಬಿಡು, ಸಮಾಧಾನ ಆಗ್ಲಿ."

ಸರ್ ಹಿತ್ತಲಿನ ಬಯಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಇಳಿದುಹೋಗಿದ್ದರು. ನಾನು ಗ್ರಹದ ಸುದ್ದಿ ತೆಗೆದೆ. ದೂರದ ಯಾವುದೋ ಗ್ರಹದ ಗಾಳಿಯಲ್ಲಿ ಜೀವದ ಸುಳಿವು ಇರಬಹುದಂತೆ, ಇನ್ನೊಮ್ಮೆ ನೋಡಿಯೇ ಹೇಳುತ್ತೇವೆ ಅನ್ನುತ್ತಾರಂತೆ ಎಂದೆ.

"ನೋಡಲಿ ಬಿಡು. ಇನ್ನಾ ನೂರು ಸಲ ನೋಡಲಿ. ಅಲ್ಲಿ ಯಾರೂ ಒಲಿ ಮುಂದ ಕುಂತಿಲ್ಲ."

ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ಆಮೇಲೆ ಕೇಳಿದರು. "ತಂಗಿ, ಮೀಟರು ನಿನ್ನ ಮುಂದ ಇತ್ತು. ಮೊದಲನೇ ಸಲ ಇಳಿದಾಗ ನಾ ಎಬ್ಬಿಸಿದ್ದರ ಆಕಿ ಹೊರಗ ಬರತಿದ್ದಳೇನು?"

ಅವರನ್ನು ನೋಡಿ ಬಂದವರು ಈ ಪ್ರಶ್ನೆಯನ್ನು ನನಗೆ ಮೊದಲೇ ಹೇಳಿದ್ದರು. ಬಸ್ಸಿನ ದಾರಿಯುದ್ದಕ್ಕೂ ಇಲ್ಲ ಅನ್ನುವುದನ್ನೇ ಸಿದ್ಧ ಮಾಡಿಕೊಂಡು ಬಂದಿದ್ದೆ. ಎಲ್ಲರೂ ಅದನ್ನೇ ಹೇಳಿದ್ದರು. ಅವರು ಯಾರನ್ನೂ ನಂಬಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು, ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ನೋಡುತ್ತಿದ್ದ ಹಾಗೆ.

"ಗೊತ್ತಿಲ್ಲ ಸರ" ಎಂದೆ.

ಅವರು ಮೆಲ್ಲಗೆ ತಲೆಯಾಡಿಸಿದರು. "ಹೂಂ. ನನಗೂ ಗೊತ್ತಾಗಂಗಿಲ್ಲ" ಎಂದರು. ಒಳಗೆ ಕೂಗಿ ಇಬ್ಬರಿಗೂ ಚಾ ಹೇಳಿದರು. ಮತ್ತೆ ಆ ಮಾತು ಎತ್ತಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ನಾನೇ ಎದ್ದೆ. ಅದೇ ಕಡೆಯ ಭೇಟಿ. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡರು. ಅವರನ್ನು ಮಣ್ಣು ಮಾಡುವಾಗ ಹೋಗಿ ಬಂದೆ.

ಅವರ ಪ್ರಶ್ನೆ ಈಗ ನನ್ನ ಮನೆಯಲ್ಲಿದೆ. ಒಗ್ಗರಣೆಗೆ ಎಣ್ಣೆ ಇಟ್ಟಾಗಲೆಲ್ಲ ಶುರುವಾಗುತ್ತದೆ. ಸಾಸಿವೆ ಸಿಡಿದ ಗಳಿಗೆಗೆ ಸರ್ ಕೂಗಿದರು ಅಂದುಕೊಳ್ಳುತ್ತೇನೆ. ಒಲೆ ಮುಂದಿನವಳು ಕೈ ಒರೆಸಿಕೊಳ್ಳಬೇಕು, ಎದ್ದು ನಿಲ್ಲಬೇಕು, ಪಡಸಾಲೆ ದಾಟಬೇಕು, ಗಿಡ್ಡ ಬಾಗಿಲಿಗೆ ತಲೆ ಬಗ್ಗಿಸಬೇಕು. ಕೆಲವು ದಿನ ಗಾಳೆವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಅಂಗಳಕ್ಕೆ ಬಂದುಬಿಡುತ್ತಾಳೆ. ಕೆಲವು ದಿನ, ಮಂಡಕ್ಕಿ ಸೀಯತೈತಿ ತಡೀರಿ, ಎಂದು ಮತ್ತೆ ಒಲೆಯ ಕಡೆಗೆ ತಿರುಗುತ್ತಾಳೆ.