ಮಾವು ತುಳಿದ ಮಿಲಿಟರಿ ಕ್ರೇನು

ಶ್ರೀನಿವಾಸಪುರದ ಗುಜರಿ ಅಂಗಡಿಯ ಮುಂದೆ ಮೊನ್ನೆ ಒಂದು ಕಬ್ಬಿಣದ ಕೊಕ್ಕೆ ಬಿದ್ದಿತ್ತು. ಮೊಣಕೈ ದಪ್ಪದ್ದು, ಕೆಂಪು ಬಣ್ಣ ಅಲ್ಲಲ್ಲಿ ಉಳಿದಿತ್ತು. ಬಗ್ಗಿದರೆ ಅದೇ ಹಳೇ ಗ್ರೀಸಿನ ವಾಸನೆ... ನಮ್ಮ ಮನೆ ಹಿಂದಿನ ಶೆಡ್ಡಿನ ಭಾಯಿಯದೇ ಇರಬೇಕು ಅನ್ನಿಸಿತು. ಅವರದಲ್ಲದಿದ್ದರೂ ನನ್ನ ಹೊಟ್ಟೆ ಉರಿಯಲು ಅಷ್ಟು ಸಾಕಾಯಿತು.

ಭಾಯಿ ಹರಾಜಿನಲ್ಲಿ ಹಳೇ ಮಿಲಿಟರಿ ಲಾರಿ ಹಿಡಿದು ತಂದು, ಹಿಂದಿನ ತೊಟ್ಟಿ ಕಿತ್ತು, ಅಲ್ಲಿ ಕ್ರೇನು ಕೂರಿಸುತ್ತಿದ್ದರು. ದಪ್ಪ ಕಬ್ಬಿಣದ ತೊಲೆ, ಅದಕ್ಕೆ ರಾಟೆ, ಉಕ್ಕಿನ ಹಗ್ಗ, ತುದಿಗೆ ಕೊಕ್ಕೆ. ಕೆಲಸ ಮುಗಿದ ಮೇಲೆ ಒಂದು ಕಲ್ಲುದಿಮ್ಮಿ ನೇತುಹಾಕಿ ಮಾರನೆಯ ದಿನದವರೆಗೆ ಹಾಗೇ ಬಿಡುತ್ತಿದ್ದರು. ತೊಲೆ ಒಂಚೂರು ಬಾಗಿದ್ದರೂ ಕತ್ತರಿಸಿ ಮತ್ತೆ ವೆಲ್ಡಿಂಗು. ಆ ಕಿಡಿ ಹಾರಿ ನಾನು ಒಣಗಿಹಾಕಿದ ಸೀರೆಗಳೆಲ್ಲ ತೂತು. ನಾನೇನು ಸುಮ್ಮನಿರುವವಳಲ್ಲ, ಗೋಡೆ ಮೇಲಿಂದಲೇ ಜಗಳ ತೆಗೆಯುತ್ತಿದ್ದೆ.

"ಯುದ್ಧಕ್ಕೆ ಹೋಗಿ ಬಂದಿರೋ ಗಾಡಿ ಕಣಮ್ಮಾ ಇದು. ನಿಮ್ ಬಾಯಿಗೆ ಮಾತ್ರ ಹೆದರ್ತದೆ ನೋಡಿ," ಅನ್ನುತ್ತಿದ್ದರು. ರಂಜಾನಿಗೆ ಶಾವಿಗೆ ಪಾಯಸ ಕಳಿಸಿ ರಾಜಿಯಾಗುತ್ತಿದ್ದರು.

ಅವರು ಹೇಳುವುದನ್ನು ಕೇಳಿ ಕೇಳಿ ಒಂದು ವಿಷಯ ನನಗೂ ಬಾಯಿಪಾಠವಾಗಿತ್ತು. ಭಾರ ಎತ್ತಬೇಕಾದರೆ ಕ್ರೇನು ಅದರ ಮಗ್ಗುಲಿಗೇ ಹೋಗಿ ನಿಲ್ಲಬೇಕು. ದೂರ ನಿಂತು ಎತ್ತಲು ಹೋದರೆ ಲಾರಿಯೇ ಮೂತಿ ಮೇಲೆತ್ತಿಕೊಳ್ಳುತ್ತದೆ.

ಒಂದು ಮಾವಿನ ಕಾಲದಲ್ಲಿ ನಾನು ಯಲ್ದೂರಿನಿಂದ ಬರುವಾಗ ಬಸ್ಸು ದಾರಿಯಲ್ಲೇ ನಿಂತಿತು. ಇಳಿದು ನೋಡಿದರೆ ಬಾದಾಮಿ ಮಾವಿನ ಲಾರಿ ಮಗುಚಿತ್ತು. ಕ್ಯಾಬಿನ್ನಿನ ಅಡಿ ಸಿಕ್ಕಿಕೊಂಡ ಡ್ರೈವರ್ "ಕಾಲು, ಕಾಲು" ಅಂತ ಕೂಗುತ್ತಿದ್ದ. ಸುತ್ತ ಜನವೋ ಜನ. ಅವನನ್ನು ಬಿಡಿಸಲು ಬಂದವರು ಅಂದುಕೊಂಡೆ... ಥೂ. ಎಲ್ಲರ ಕೈಯಲ್ಲೂ ಚೀಲ. ನನ್ನ ಜೊತೆ ಬಸ್ಸಿಳಿದ ಹೆಂಗಸರೂ ಸೆರಗಿಗೆ ತುಂಬಿಕೊಳ್ಳತೊಡಗಿದರು. ಎಲ್ಲ ನಮ್ಮವರೇ, ಸ್ವಂತ ಮಾವಿನ ತೋಟ ಇದ್ದವರೂ ಇದ್ದರು.

ಯಾರೋ ಹೇಳಿಕಳಿಸಿ ಭಾಯಿ ತಮ್ಮ ಮಿಲಿಟರಿ ಕ್ರೇನು ತಂದರು. ಕ್ಯಾಬಿನ್ನಿನ ಪಕ್ಕಕ್ಕೆ ಹೋಗಲು ಜಾಗವಿಲ್ಲ. ದಾರಿ ತುಂಬ ಹಣ್ಣು, ಹಣ್ಣಿನ ಸುತ್ತ ಜನ. ಹಾರನ್ ಹೊಡೆದರು. ತೆಲುಗಿನಲ್ಲಿ ಕೇಳಿಕೊಂಡರು, ಕನ್ನಡದಲ್ಲಿ ಕೇಳಿಕೊಂಡರು, ಕೈಯನ್ನೂ ಮುಗಿದರು.

"ಇರು ಭಾಯಿ, ಇನ್ನೊಂದ್ ಚೀಲ ಅಷ್ಟೇ," ಅಂದ ಒಬ್ಬ, ತಲೆ ಕೂಡ ಎತ್ತದೆ.

ಭಾಯಿ ಗಾಡಿ ಹತ್ತಿ, ನಿಧಾನವಾಗಿ, ಹಣ್ಣಿನ ರಾಶಿಯ ಮೇಲೆಯೇ ಹಿಂದಕ್ಕೆ ಬಿಟ್ಟರು. ಜನ ಬೈಯುತ್ತಾ ಪಕ್ಕಕ್ಕೆ ನೆಗೆದರು. ಆ ದೊಡ್ಡ ಚಕ್ರಗಳ ಅಡಿ ರಸ್ತೆಯೆಲ್ಲ ರಸವಾಯಿತು. ಎತ್ತಿಕೊಳ್ಳಲು ಏನೂ ಉಳಿಯದ ಮೇಲೆ ಯಾರೂ ಅಲ್ಲಿ ನಿಲ್ಲಲಿಲ್ಲ. ಕೊಕ್ಕೆ ಇಳಿಯಿತು, ಕ್ಯಾಬಿನ್ನು ಎದ್ದಿತು. ಡ್ರೈವರಿಗೆ ಒಂದು ಕಾಲು ಹೋಯಿತು, ಜೀವ ಉಳಿಯಿತು.

ಊರು ಹೊಗಳಿತೇ? ಚಿನ್ನದಂಥ ಹಣ್ಣು ತುಳಿದ ಪಾಪಿ ಅಂದಿತು. ಹಣ್ಣಿನ ಮಂಡಿಯವನು ದೂರು ಕೊಟ್ಟ. ಚೀಲ ಹೊತ್ತುಕೊಂಡು ಹೋದವರೇ ಬಂದು ಸಾಕ್ಷಿ ಹೇಳಿದರು. ಭಾಯಿಯನ್ನು ಸಂಜೆತನಕ ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿದ್ದರು. ನಾನು ಹೋಗಿ ಕಂಡದ್ದನ್ನು ಹೇಳಿದರೆ ಪೊಲೀಸರು, "ನಿಮಗ್ಯಾಕಮ್ಮಾ ಊರ ಉಸಾಬರಿ" ಅಂದರು. ಆಮೇಲೆ ತೋಟದವರು ಯಾರೂ ಅವರ ಕ್ರೇನು ಕರೆಯಲಿಲ್ಲ. ದೋಚಿದವರು ಮರ್ಯಾದಸ್ಥರು, ಜೀವ ಉಳಿಸಿದವನು ಅಪರಾಧಿ. ಇಂದಿಗೂ ನೆನೆದರೆ ಮೈ ಉರಿಯುತ್ತದೆ.

"ಹಣ್ಣು ಮುಂದಿನ್ ವರ್ಷಾನೂ ಬಿಡ್ತದಮ್ಮಾ," ಅಂದಿದ್ದರು ಭಾಯಿ, ಅಷ್ಟೇ. ಜಗಳಕ್ಕೆ ನನ್ನಷ್ಟು ಉತ್ಸಾಹ ಅವರಿಗಿರಲಿಲ್ಲ.

ಈಗ ಭಾಯಿ ಇಲ್ಲ, ಶೆಡ್ಡೂ ಇಲ್ಲ. ನನ್ನ ಸೀರೆಗಳು ಒಂದು ತೂತೂ ಇಲ್ಲದೆ ಒಣಗುತ್ತವೆ. ಅದನ್ನು ನೋಡಿ ಅಳು ಬಂದ ದಿನವೂ ಉಂಟು...

ಈ ಸಲವೂ ಅದೇ ರಸ್ತೆಯಲ್ಲಿ ಮಾವಿನ ಲಾರಿ ಮಗುಚಿತು. ಹೊಸ ಕ್ರೇನು ಬೇಗನೇ ಬಂತು, ಒಳ್ಳೆಯ ಗಾಡಿ. ಅದರ ಡ್ರೈವರ್ ಸಭ್ಯ ಹುಡುಗ, ಹಾರನ್ ಹೊಡೆಯುತ್ತಾ ಕಾದನಂತೆ. ಜನ ಚೀಲ ಕಟ್ಟಿಕೊಂಡು ದಾರಿ ಬಿಡುವಷ್ಟರಲ್ಲಿ ಮಗುಚಿದ ಲಾರಿಯ ಕ್ಯಾಬಿನ್ನಿನೊಳಗಿನ ಕೂಗು ನಿಂತುಹೋಗಿತ್ತು. ಹಣ್ಣು ಮಾತ್ರ ಒಂದೂ ಹಾಳಾಗಲಿಲ್ಲ.