ತಾತನ ಉಯಿಲಿನಲ್ಲಿ ನಾನು ಓದದೆ ಬಿಟ್ಟ ಸಾಲು

ವಂಶವೃಕ್ಷ ಬರೆಯುವ ಹುಚ್ಚು ನನಗೆ ಹಿಡಿದದ್ದು ಹೈಸ್ಕೂಲು ಮುಗಿಸಿ, ಕೆಲಸ ಸಿಗದೆ, ತೋವಿನಕೆರೆ ಹತ್ತಿರದ ನಮ್ಮೂರಿನಲ್ಲಿ ಸುಮ್ಮನೆ ಕೂತಿದ್ದಾಗ. ಎರಡನೇ ಯುದ್ಧ ನಡೆಯುತ್ತಿದ್ದ ಕಾಲ. ಬದುಕಿದ್ದವರಿಗೆ ಒಂದು ಕೊಡ ನೀರು ಸೇದಿಕೊಡದವನು ಸತ್ತವರನ್ನು ಹುಡುಕುತ್ತಾನೆ ಎಂದು ಅಮ್ಮ ಹಂಗಿಸುತ್ತಿದ್ದಳು. ನಾನು ಕೇಳುವವನಲ್ಲ. ದೊಡ್ಡದೊಂದು ಕಂದು ಕಾಗದ ಹರಡಿಕೊಂಡು ಊರಿನ ಮುದುಕರ ಜೀವ ತಿಂದೆ. ನಮ್ಮ ಮುತ್ತಾತನಿಗೆ ತಮ್ಮಂದಿರು ಇಬ್ಬರು ಎಂದು ಒಬ್ಬರು, ನಾಲ್ವರು ಎಂದು ಇನ್ನೊಬ್ಬರು. ಇಬ್ಬರೂ ದೇವರ ಮೇಲೆ ಆಣೆ ಇಡುತ್ತಿದ್ದರು.

ತಾತ ಉಯಿಲು ಬರೆಸಿ ರಿಜಿಸ್ಟರು ಮಾಡಿಸಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದನ್ನು ಕಣ್ಣಾರೆ ನೋಡಿದವನು ಅಪ್ಪ ಒಬ್ಬನೇ. ಗೆದ್ದಲು ತಿಂದುಹೋಯಿತು ಅನ್ನುತ್ತಿದ್ದ. ಬರೆಸಿದವರು ತೀರಿಕೊಂಡಿದ್ದರೆ ರಿಜಿಸ್ಟರು ಕಚೇರಿಯಿಂದ ನಕಲು ತೆಗೆಸಬಹುದು ಎಂದು ಜಮೀನಿನ ಪತ್ರ ಬರೆಯುವವರೊಬ್ಬರು ದಾರಿ ತೋರಿಸಿದರು. ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿ, ಏರು ಬಂದಲ್ಲೆಲ್ಲ ಇಳಿದು ತಳ್ಳಿ, ಮಧುಗಿರಿಗೆ ಹೋದೆ. ಅರ್ಜಿ ಕೊಟ್ಟು ಬಂದು, ಎರಡು ವಾರ ಬಿಟ್ಟು ಮತ್ತೆ ಹೋಗಿ, ಮೊಹರು ಹಾಕಿದ ನಕಲು ಕೈಗೆ ತೆಗೆದುಕೊಂಡೆ.

ಬಸ್ಸಿಗೆ ಕಾಯುತ್ತಾ ಹೊಂಗೆಮರದ ನೆರಳಿನಲ್ಲೇ ಓದಿದೆ. ಉಯಿಲು ಎಂದರೆ ಆಸ್ತಿಯ ಪಟ್ಟಿ ಅಂದುಕೊಂಡಿದ್ದವನಿಗೆ ನಿಧಿ ಸಿಕ್ಕಂತಾಯಿತು. ಒಂದೊಂದು ಹೊಲಕ್ಕೂ ನಾಲ್ಕು ದಿಕ್ಕಿನ ಎಲ್ಲೆ ಬರೆಸಿದ್ದ ತಾತ. ಪೂರ್ವಕ್ಕೆ ಯಾರ ಮಗನ ಹೊಲ, ಪಡುವಕ್ಕೆ ಯಾವ ಚಿಕ್ಕಪ್ಪನ ಪಾಲು, ಎಲ್ಲ ಅಲ್ಲಿತ್ತು. ಮುತ್ತಾತನ ತಮ್ಮಂದಿರು ಮೂವರು, ಅದರಲ್ಲಿ ಒಬ್ಬ ಸಿರಾ ತಾಲ್ಲೂಕಿನ ತಾವರೆಕೆರೆಗೆ ಹೋಗಿ ನೆಲೆಸಿದ್ದ. ಆಣೆ ಇಟ್ಟ ಮುದುಕರಿಬ್ಬರೂ ಸೋತರು. ನಮ್ಮ ಮುದುಕರು ಯಾರೂ ಹೆಣ್ಣುಮಕ್ಕಳ ಹೆಸರು ಹೇಳುತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಉಯಿಲಿನಲ್ಲಿ ತಾತ ಅವರನ್ನೂ ಒಬ್ಬೊಬ್ಬರಾಗಿ ಹೆಸರು ಹಿಡಿದು ನೆನೆದಿದ್ದ.

ಸಾಕ್ಷಿಗಳ ಹೆಸರಿಗಿಂತ ಮುಂಚೆ, ಕೊನೆಯಲ್ಲಿ, ಹೀಗಿತ್ತು: ಹಿತ್ತಿಲ ಬಾವಿಯ ಕಡೆಯ ಕೋಣೆ ನನ್ನ ಹಿರಿಯ ಮಗಳದು, ಜೀವ ಇರುವತನಕ ಅವಳು ಈ ಮನೆಯಲ್ಲಿ ಯಾರ ಮರ್ಜಿಯನ್ನೂ ಕಾಯದೆ ಇರತಕ್ಕದ್ದು.

ಆ ಹಿರಿಯ ಮಗಳು ನಮ್ಮತ್ತೆ, ಅಪ್ಪನ ಅಕ್ಕ. ಪಾವಗಡದ ಕಡೆಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಂದು ಮದುವೆ ಮಾಡಿಕೊಂಡಾಗ ತಾತನೇ ಗಾಡಿ ಕಟ್ಟಿಸಿಕೊಂಡು ಹೋಗಿ ಕರೆತಂದಿದ್ದ. ತಾತ ಹೋದಮೇಲೆ ಒಂದು ಲೋಟ ಮಜ್ಜಿಗೆ ಬೇಕಾದರೂ ಅವಳು ಅಮ್ಮನನ್ನು ಕೇಳಿಯೇ ಕುಡಿಯುತ್ತಿದ್ದಳು. ಮಲಗುತ್ತಿದ್ದುದು ರಾಗಿ ಕಣಜದ ಪಕ್ಕದಲ್ಲಿ, ಕಿಟಕಿಯಿಲ್ಲದ ಕಡೆ. ಬಾವಿಯ ಕಡೆಯ ಕೋಣೆಯಲ್ಲಿ ಇದ್ದವನು ನಾನು. ಪರೀಕ್ಷೆಗೆ ಓದುವ ಹುಡುಗನಿಗೆ ಗಾಳಿ ಬೆಳಕು ಬೇಕೆಂದು ಅಪ್ಪ ಕೊಡಿಸಿದ್ದ. ಅತ್ತೆಯ ಪೆಟ್ಟಿಗೆಯನ್ನು ಹೊರಕ್ಕೆ ಎಳೆದು ಹಾಕಿದವನೂ ನಾನೇ.

ಮನೆಗೆ ಬಂದಾಗ ಅಪ್ಪ ಅಮ್ಮ ಕಡಲೆಕಾಯಿ ಕೀಳಿಸಲು ಹೊಲಕ್ಕೆ ಹೋಗಿದ್ದರು. ಅತ್ತೆ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಅಪ್ಪಯ್ಯಂದಾ ಅದು? ವಸಿ ಓದ್ಲಾ, ಕೇಳಾನ," ಅಂದಳು.

ನನಗೆ ಅಷ್ಟೇ ಸಾಕಾಗಿತ್ತು. ಕಚೇರಿ ಭಾಷೆಯನ್ನು ರಾಗವಾಗಿ ಓದಿ ಮೆರೆದೆ. ಅವಳ ಕೈ ನಿಂತಿತ್ತು. ಆ ಸಾಲಿಗೆ ಬಂದಾಗ ನನ್ನ ಹಾಸಿಗೆ, ಕಿಟಕಿ, ಪುಸ್ತಕ ಜೋಡಿಸಿದ ಗೂಡು ಎಲ್ಲ ಕಣ್ಣಿಗೆ ಕಟ್ಟಿದವು. ಸಾಲನ್ನು ಹಾರಿಸಿ ಸಾಕ್ಷಿಗಳ ಹೆಸರಿಗೆ ಹೋದೆ.

"ನನ್ ಸುದ್ದಿ ಏನಾರ ಬರ್ಸವ್ನಾ ಮಗಾ?"

"ಇಲ್ಲ ಕಣತ್ತೆ. ಎಲ್ಲಾ ಜಮೀನಿಂದೇ."

"ಸರಿ ಬುಡು," ಅಂದು ಮತ್ತೆ ಬೀಜ ಬಿಡಿಸತೊಡಗಿದಳು.

ನಕಲನ್ನು ನಾಲ್ಕಾಗಿ ಮಡಿಸಿ ನನ್ನ ಪೆಟ್ಟಿಗೆಯ ತಳಕ್ಕೆ ಹಾಕಿದೆ. ವಂಶವೃಕ್ಷ ಮುಗಿಯಿತು, ಸಿರಾ ಕೊರಟಗೆರೆಯ ನೆಂಟರೆಲ್ಲ ನೋಡಿ ಭೇಷ್ ಅಂದರು. ಆ ಸಾಲು ಅಪ್ಪನಿಗೆ ನೆನಪಿತ್ತೇ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ನನ್ನ ಬಣ್ಣವೂ ಬಯಲಾಗುತ್ತಿತ್ತು. ಅತ್ತೆ ಮಜ್ಜಿಗೆ ಕೇಳಲು ಅಡುಗೆಮನೆ ಬಾಗಿಲಲ್ಲಿ ನಿಂತಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಯುದ್ಧ ಮುಗಿಯಿತು. ನನಗೆ ಮದುವೆಯಾಯಿತು, ಕೋಣೆ ನಮ್ಮಿಬ್ಬರದಾಯಿತು.

ಮರುವರ್ಷ ಅತ್ತೆ ಜ್ವರ ಹಿಡಿದು ಮಲಗಿದಳು. ಗಂಜಿ ಕೊಡಲು ಹೋದವನಿಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿ, ನಕಲು ತಂದು, ಆ ಸಾಲನ್ನು ಓದಿದೆ. ಅವಳು ಬೆಚ್ಚಲಿಲ್ಲ.

"ನಂಗೊತ್ತು ಕಣ್ಲಾ. ಅಪ್ಪಯ್ಯ ಬರ್ಸೋವಾಗ ನಾ ಬಾಗ್ಲಿಂದೆ ಕುಂತಿದ್ದೆ. ನಂಗೆ ಕೇಳ್ಲಿ ಅಂತ ಎಲ್ಡು ಸಲ ಓದುಸ್ದ."

"ಗೊತ್ತಿದ್ದೂ ಅವತ್ತು ಯಾಕ್ ಕೇಳ್ದೆ ಅತ್ತೆ?"

"ಅಪ್ಪಯ್ಯ ಹೋದ್ಮ್ಯಾಲೆ ಆ ಮಾತ್ನ ಈ ಮನ್ಯಾಗೆ ಯಾರ್ ಬಾಯಾಗೂ ಕೇಳಿರ್ಲಿಲ್ಲ. ನೀನಾರ ಓದ್ತೀಯ ಅಂದ್ಕಂಡಿದ್ದೆ."

ತಲೆ ತಗ್ಗಿಸಿಕೊಂಡೇ, ಇವತ್ತೇ ಕೋಣೆಗೆ ಬಾ ಅತ್ತೆ, ಅಂದೆ.

"ಈಗ್ಯಾಕ್ಲಾ? ನಿನ್ನೆಂಡ್ರು ಬಸ್ರಿ. ಅವ್ಳನ್ನ ಈ ಕತ್ತಲ್ಗೆ ತಂದ್ ಮಲುಗುಸ್ತೀಯಾ? ಬ್ಯಾಡ, ಅಲ್ಲೇ ಇರ್ರಿ."

ನಾನು ಇನ್ನೊಂದು ಸಲ ಕರೆಯಲಿಲ್ಲ. ಎಂಟು ದಿನಕ್ಕೆ ಅತ್ತೆ ಕಣಜದ ಪಕ್ಕದಲ್ಲೇ ತೀರಿಕೊಂಡಳು. ನಾನು ಕರೆದೆ, ಅವಳೇ ಒಪ್ಪಲಿಲ್ಲ ಎಂದು ಈ ಸಂಗತಿ ಕೇಳಿದವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಅವಳು ಬೇಡ ಅಂದಾಗ ನನಗೆ ಹಾಯೆನಿಸಿತು ಎಂಬುದನ್ನು ಮಾತ್ರ ಇಲ್ಲಿಯತನಕ ಯಾರಿಗೂ ಹೇಳಿರಲಿಲ್ಲ.