ಮುಖ ನೋಡುವವರೆಗೆ

ನಮ್ಮ ಕೆ.ಜಿ.ಎಫ್.ನಲ್ಲಿ ಕಾಲಡಿಯ ನೆಲ ಗಡಗಡ ಅಂದರೆ ಮಕ್ಕಳು ಕಿರುಚುತ್ತಿರಲಿಲ್ಲ. ಪಾತಾಳದಲ್ಲೆಲ್ಲೋ ಬಂಡೆ ಸಿಡಿದಿದೆ ಅಂತ ಹಾಲು ಕುಡಿಯುವ ಕೂಸಿಗೂ ಗೊತ್ತಿತ್ತು. ಉರಿಗಾಂ ಸ್ಕೂಲಿನಲ್ಲಿ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ನಾವು ಬೆಂಚಿನ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತ, ಯಾರ ಅಪ್ಪ ಯಾವ ಪಾಳಿಯಲ್ಲಿದ್ದಾರೆ ಅಂತ ಪಿಸುಗುಡುತ್ತಿದ್ದೆವು. "ನಮ್ಮಪ್ಪಂದು ಸಾಯಂಕಾಲದ ಪಾಳಿ" ಅಂದವನು ಉಸಿರು ಬಿಡುತ್ತಿದ್ದ. ಏಳನೇ ಕ್ಲಾಸಿನಲ್ಲಿ ಒಂದು ಬೆಳಿಗ್ಗೆ ಹಾಗೆ ನೆಲ ಅಲುಗಿದಾಗ ನನ್ನ ಪಕ್ಕದಲ್ಲಿ ಕೂತಿದ್ದವನು ಬಾಯಿ ಬಿಡಲಿಲ್ಲ. ಅವನ ಅಪ್ಪ ಒಳಗಿದ್ದರು.

ಆಮೇಲೆ ಏನಾಗುತ್ತದೆ ಅನ್ನುವುದೂ ನಮಗೆಲ್ಲ ಬಾಯಿಪಾಠ. ಗಣಿ ಕೆಲಸಗಾರರ ಲೈನು ಮನೆಗಳಿಂದ ಹೆಂಗಸರು ಬರುತ್ತಾರೆ. ಯಾರೂ ಕರೆಯಬೇಕಾಗಿಲ್ಲ. ಗಣಿಗೆ ಇಳಿಯುವ ಶಾಫ್ಟಿನ ಗೇಟಿನ ಮುಂದೆ ಸಾಲಾಗಿ ಕೂರುತ್ತಾರೆ. ಒಂದು ಚೊಂಬು ನೀರು, ಸೆರಗಿನೊಳಗೆ ಮಡಿಸಿದ ಒಂದು ಹೊಸ ಬಟ್ಟೆ, ಒಂದು ಚೂರು ಅರಿಸಿನ. ಅಳುವ ಹಾಗಿಲ್ಲ, ಮುಂಚೆ ಅತ್ತರೆ ಒಳಗಿರುವವನ ಆಯಸ್ಸು ಕಿತ್ತುಕೊಂಡ ಹಾಗೆ ಅಂತ ನಂಬಿಕೆ. ಒಂದು ದಿನವಾಗಲಿ, ಮೂರು ದಿನವಾಗಲಿ, ಆಳುಗಳನ್ನು ಇಳಿಸಿ ಎತ್ತುವ ಕೇಜು ಮೇಲೆ ಬಂದು ಮುಖ ಕಾಣುವವರೆಗೆ ಏಳುತ್ತಿರಲಿಲ್ಲ. ಮುಖ ನೋಡಿದ ಮೇಲೆಯೇ ಅಳು, ಮಣ್ಣು, ತಿಥಿ ಎಲ್ಲ. ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಆ ಗೆಳೆಯನ ಅಮ್ಮ ಒಂದೂವರೆ ದಿನ ಕೂತಿದ್ದಳು. ಅವಳ ಪಕ್ಕ ಅವನು, ಅವನ ಪಕ್ಕ ನಾನು. ಕೊನೆಗೆ ಅವನಪ್ಪನನ್ನು ಮೇಲೆ ತಂದರು. ಅವಳು ಚೊಂಬಿನ ನೀರಿನಿಂದ ಮುಖ ತೊಳೆದು, ಸೆರಗಿನಲ್ಲಿ ಒರೆಸಿ, ನೋಡಿ, ಆಮೇಲೆ ಕೂಗಿಕೊಂಡಳು. ಆ ಕೂಗು ಕೇಳಿ ನಾನು ಓಡಿಹೋದೆ, ಸುಳ್ಳು ಯಾಕೆ ಹೇಳಲಿ.

ಲೈನು ಮನೆ ಬಿಟ್ಟು ತಾಯಿ ಮಗ ಕ್ಯಾಸಂಬಳ್ಳಿ ಹತ್ತಿರದ ಸೋದರಮಾವನ ಊರು ಸೇರಿದರು. ಅವಳು ಕೂಲಿ ಮಾಡಿದಳು, ಸೊಪ್ಪು ಬೆಳೆದು ಆಂಡರ್ಸನ್‌ಪೇಟೆಗೆ ತಂದು ಮಾರಿದಳು. ಬೆಳಗಿನ ಬಸ್ಸಿನಲ್ಲಿ ಸೊಪ್ಪಿನ ಬುಟ್ಟಿಯ ಜೊತೆ ಇವನೂ ಇಳಿದು ಸ್ಕೂಲಿಗೆ ಬರುತ್ತಿದ್ದ. ಹುರಿಗಾಳಿನ ಹಾಗಿದ್ದ ಅವನು: ಸಣ್ಣಗೆ, ಗಟ್ಟಿಗೆ, ಯಾವಾಗಲೂ ಸದ್ದು. ಮೇಷ್ಟ್ರ ಹತ್ತಿರ ಕನ್ನಡ, ಲೈನಿನ ಹುಡುಗರ ಹತ್ತಿರ ತಮಿಳು, ಸೋದರಮಾವನ ಹತ್ತಿರ ತೆಲುಗು; ಮೂರರಲ್ಲೂ ಸರಾಗವಾಗಿ ಸುಳ್ಳು ಹೇಳುತ್ತಿದ್ದ. ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್‌ಮೇಷ್ಟ್ರ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದ. ನಾನು ಕಿಸಕ್ಕನೆ ನಗುತ್ತಿದ್ದೆ. ಏಟು ನನಗೆ. ಅವನು ಮಾತ್ರ ಹಾಲು ಕುಡಿದ ಬೆಕ್ಕಿನ ಮುಖ ಮಾಡಿಕೊಂಡು ನಿಂತಿರುತ್ತಿದ್ದ, ಬಡ್ಡೀಮಗ. ಇವತ್ತಿಗೂ ಯಾರಾದರೂ ಹಾಗೆ ಕೆಮ್ಮಿದರೆ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ.

ಮೆಟ್ರಿಕ್‌ನಲ್ಲಿ ನಾನು ಪಾಸಾದೆ, ಅವನು ಲೆಕ್ಕದಲ್ಲಿ ಫೇಲಾದ. ಹದಿನೆಂಟು ತುಂಬುತ್ತಲೇ ಅಪ್ಪನ ಜಾಗಕ್ಕೆ ಗಣಿಯಿಂದ ಕರೆ ಬಂತು. ಅವನಿಗೇನೋ ಆಸೆಯಿತ್ತು. ಅವನಮ್ಮ ಬುಟ್ಟಿ ಎತ್ತಿ ಒಗೆದಳು.

"ಆ ಗುಂಡಿಗೆ ಒಬ್ನ ಕೊಟ್ಟಿದೀನಿ, ಸಾಕು. ನೀನೇನಾದ್ರೂ ಅದ್ರಾಗೆ ಇಳಿದ್ರೆ ನಾನು ಬಾವಿ ನೋಡ್ಕೊಂತೀನಿ."

ಅವನು ಒಂದು ವರ್ಷ ಊರಲ್ಲಿ ಅಡ್ಡಾಡಿದ. ಆಗ ಬಂಗಾರಪೇಟೆಯಲ್ಲಿ ಮಿಲಿಟ್ರಿಗೆ ಆಳು ಆರಿಸುತ್ತಾರಂತೆ ಅನ್ನುವ ಸುದ್ದಿಯನ್ನು ತಂದದ್ದು ಯಾರು? ನಾನೇ. ಸೈಕಲ್ ತುಳಿದುಕೊಂಡು ಹೋಗಿ, ಏದುಸಿರು ಬಿಡುತ್ತ ಹೇಳಿದವನು ನಾನೇ. ಸ್ಟೇಷನ್ ಪಕ್ಕದ ಮೈದಾನದಲ್ಲಿ ಚಡ್ಡಿ ಹಾಕಿಕೊಂಡ ಹುಡುಗರು ಸಾಲಾಗಿ ನಿಂತಿದ್ದರು. ತೂಕ ಸಾಲದು ಅಂತ ಭಯ. ಒಂದು ಗೊನೆಯ ಅರ್ಧದಷ್ಟು ಬಾಳೆಹಣ್ಣು ತಿನ್ನಿಸಿ, ಮೇಲೆ ನೀರು ಕುಡಿಸಿದೆ. "ಲೇ, ಇನ್ನೊಂದು ಸುಲಿದ್ರೆ ಆಫೀಸರ್ ಮೇಲೇ ಕಕ್ತೀನಿ ಕಣ್ಲಾ" ಅಂದ. ತೂಕದ ಮುಳ್ಳು ಕೂದಲೆಳೆಯಷ್ಟು ಮುಂದೆ ಹೋಗಿ ನಿಂತಿತು. ಅದು ಹಿಂದೆಯೇ ನಿಂತಿದ್ದರೆ ಏನು ಗಂಟು ಹೋಗುತ್ತಿತ್ತು ಅಂತ ಅದೆಷ್ಟು ಸಲ ಅಂದುಕೊಂಡಿದ್ದೇನೋ.

ಅವನಮ್ಮನನ್ನು ಒಪ್ಪಿಸುವ ಕೆಲಸವೂ ನನ್ನದೇ, ಓದಿದವನಲ್ಲವೇ. ಆಂಡರ್ಸನ್‌ಪೇಟೆಯ ಸಂತೆಯಲ್ಲಿ ಅವಳ ಸೊಪ್ಪಿನ ಎದುರು ಕುಕ್ಕರಗಾಲಲ್ಲಿ ಕೂತು ಹೇಳಿದೆ.

"ಅಮ್ಮಾ, ಮಿಲಿಟ್ರಿ ಅಂದ್ರೆ ನೆಲದ ಮೇಲಿನ ಕೆಲಸ. ಗಾಳಿ, ಬೆಳಕು. ತಲೆ ಮೇಲೆ ಬಂಡೆ ಇರಲ್ಲ."

"ಬಂಡೆ ಇರಲ್ವಾ? ನಿಜ ಏಳ್ತಿದ್ಯಾ?"

"ಇರಲ್ಲಮ್ಮಾ. ಆಕಾಶ ಇರ್ತದೆ."

ಅವಳು ದಂಟಿನ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಿದಳು. "ಅಂಗಾದ್ರೆ ಓಗ್ಲಿ" ಅಂದಳು. ಅಕ್ಕಪಕ್ಕದ ಹೆಂಗಸರೂ ತಲೆಯಾಡಿಸಿದರು. ಬಂದೂಕಿನ ಮಾತನ್ನು ಒಬ್ಬರೂ ಎತ್ತಲಿಲ್ಲ. ಬೇರೆ ಊರಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು. ನಮಗೆ ಸಾವು ಬರುವುದು ಕೆಳಗಿನಿಂದ ಮಾತ್ರ. ನೆಲದ ಮೇಲೆ ನಿಂತವನಿಗೆ ಏನೂ ಆಗುವುದಿಲ್ಲ ಅಂತ ನಾವೆಲ್ಲ, ನಾನೂ, ನಿಜವಾಗಿ ನಂಬಿದ್ದೆವು.

ಅವನ ಕಾಗದಗಳು ನನ್ನ ವಿಳಾಸಕ್ಕೆ ಬರುತ್ತಿದ್ದವು. ನಾನು ಆಗ ಆಂಡರ್ಸನ್‌ಪೇಟೆಯ ಒಂದು ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಭಾನುವಾರ ಕ್ಯಾಸಂಬಳ್ಳಿ ಬಸ್ಸು ಹತ್ತಿ ಹೋಗಿ ಅವನಮ್ಮನಿಗೆ ಓದಿ ಹೇಳುತ್ತಿದ್ದೆ. ಅವಳು ರಾಗಿ ಬೀಸುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಒಂದು ಕಾಗದದಲ್ಲಿ, "ಈ ಹಿಮದಲ್ಲೂ ಗುಂಡಿ ತೋಡೋದೇ ಕೆಲಸ ಕಣ್ಲಾ, ಗಣಿಯೇ ವಾಸಿ, ಅಲ್ಲಿ ಬೆಚ್ಚಗಾದರೂ ಇರ್ತಿತ್ತು" ಅಂತ ಬರೆದಿದ್ದ. ಆ ಸಾಲನ್ನು ನುಂಗಿಕೊಂಡು ಮುಂದಿನದು ಓದಿದೆ. "ಅಷ್ಟೇನಾ? ಏನೋ ಬಿಟ್ಟಂಗೈತಲ್ಲ" ಅಂದಳು. "ಅಷ್ಟೇ ಅಮ್ಮಾ" ಅಂದೆ.

ಚೀನಾದವರ ಜೊತೆ ಯುದ್ಧ ಶುರುವಾದಾಗ ಊರಿನ ರೇಡಿಯೋ ಮುಂದೆ ಜನ ಜಮಾಯಿಸಿದರು. ಮಕ್ಕಳನ್ನು ಸಾಲಾಗಿ ನಡೆಸಿ ಜೈಕಾರ ಕೂಗಿಸಿದೆವು. ನಾನೇ ಮುಂದೆ ನಿಂತು ಗಂಟಲು ಹರಿಯುವ ಹಾಗೆ ಕೂಗಿದ್ದೆ. ಯುದ್ಧ ನಿಂತಿತು ಅಂತ ರೇಡಿಯೋ ಹೇಳಿದ ಮೇಲೆ ತಂತಿ ಬಂತು. ಅದೂ ನನ್ನ ಹೆಸರಿಗೇ, ಕ್ಲಾಸಿನ ನಡುವೆ. ಹುಡುಗರು ಮಗ್ಗಿ ಹೇಳುತ್ತಿದ್ದರು. ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಅವರ ಪಾಡಿಗೆ ಅವರು ಹೇಳುತ್ತಲೇ ಇದ್ದರು.

ಕ್ಯಾಸಂಬಳ್ಳಿ ಬಸ್ಸು ಹಿಡಿದು ಹೋದಾಗ ಅವಳು ಹೊಲದಲ್ಲಿ ರಾಗಿ ಕುಯ್ಯುತ್ತಿದ್ದಳು. ನನ್ನನ್ನು ನೋಡಿ ಸೊಂಟ ನೆಟ್ಟಗೆ ಮಾಡಿದಳು.

"ಏನಪ್ಪಾ, ಇಸ್ಕೂಲ್ ಇಲ್ವಾ ಇವತ್ತು?"

"ಅಮ್ಮಾ" ಅಂದೆ. ಅವಳು ನನ್ನ ಕೈಯಲ್ಲಿದ್ದ ತಂತಿಯನ್ನು ನೋಡಿದಳು. ಕುಡುಗೋಲನ್ನು ಕೆಳಗಿಟ್ಟಳು. ಹೇಗಾಯಿತು ಅಂತ ಕೇಳಲಿಲ್ಲ.

"ಯಾವಾಗ ತತ್ತಾರೆ?" ಅಂದಳು.

ನನ್ನ ಬುದ್ಧಿಗೆ ಮಣ್ಣು ಬೀಳ. ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ನಾನೂ ಆ ಊರಿನವನೇ. ಸತ್ತವನನ್ನು ತಂದು ಒಪ್ಪಿಸುತ್ತಾರೆ, ತಡವಾಗಬಹುದು ಅಷ್ಟೇ, ಅನ್ನುವುದನ್ನು ಬಿಟ್ಟರೆ ನನಗೂ ಬೇರೇನು ಗೊತ್ತಿತ್ತು? "ರೈಲಲ್ಲೇ ತರ್ತಾರೇನೋ ಅಮ್ಮಾ, ಬಂಗಾರಪೇಟೆಗೆ" ಅಂದುಬಿಟ್ಟೆ.

ಅವಳು ಮನೆಗೆ ಹೋಗಿ ಚೊಂಬು, ಹೊಸ ಪಂಚೆ, ಅರಿಸಿನ ಚೀಲಕ್ಕೆ ಹಾಕಿಕೊಂಡಳು. ಅವತ್ತೇ ಹೋಗಿ ಬಂಗಾರಪೇಟೆಯ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ, ಪಾರ್ಸಲ್ ಇಳಿಸುವ ಕಡೆ, ಗೋಡೆಗೆ ಒರಗದೆ ಕೂತಳು. ರಾತ್ರಿ ಹತ್ತಿರದ ನೆಂಟರ ಮನೆ, ಮೊದಲ ಗಾಡಿಗೆ ಮತ್ತೆ ಹಾಜರು. ಮದ್ರಾಸಿನ ಕಡೆಯಿಂದ ಬರುವ ಒಂದೊಂದು ಗಾಡಿಗೂ ಎದ್ದು ನಿಲ್ಲುವುದು, ಪಾರ್ಸಲ್ ಡಬ್ಬಿಯ ಬಾಗಿಲು ತೆಗೆಯುವವರೆಗೆ ನೋಡುವುದು, ಕೂರುವುದು. ಒಂದು ಹನಿ ಕಣ್ಣೀರಿಲ್ಲ. ಮುಖ ನೋಡಿಲ್ಲವಲ್ಲ.

ಸೋದರಮಾವ ಊರಿನ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಬಂದ. ಹುಲ್ಲಿನಲ್ಲಿ ಒಂದು ಗೊಂಬೆ ಮಾಡಿ, ಅವನ ಹೆಸರು ಹೇಳಿ ಮಣ್ಣು ಮಾಡಿ, ತಿಥಿ ಮುಗಿಸೋಣ, ಶಾಸ್ತ್ರದಲ್ಲಿ ದಾರಿಯಿದೆ ಅಂದರು.

"ನಾನು ಎತ್ತಿದ್ದು ಉಲ್ಲನ್ನಾ?" ಅಂದಳು. ಅವರು ಟವೆಲ್ ಕೊಡವಿಕೊಂಡು ಎದ್ದುಹೋದರು.

ನಾನು ದಿನಾ ಸ್ಕೂಲು ಬಿಟ್ಟ ಕೂಡಲೇ ರೈಲಿನಲ್ಲಿ ಬಂದು ಅವಳ ಪಕ್ಕ ಕೂರುತ್ತಿದ್ದೆ. ಸ್ಟೇಷನ್ ಮಾಸ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಹಂಗೆಲ್ಲ ಬರಲ್ಲ ಮೇಷ್ಟ್ರೇ, ಆ ತಾಯಿಗೆ ಹೇಳಿ ಕರ್ಕೊಂಡು ಹೋಗಿ" ಅಂತ ಕೈ ಹಿಡಿದುಕೊಂಡರು. ನಾನು ಮಿಲಿಟ್ರಿ ಕಚೇರಿಗೆ ಅರ್ಜಿಯ ಮೇಲೆ ಅರ್ಜಿ ಬರೆದೆ. ಮೂರನೇ ವಾರ ಇಂಗ್ಲಿಷಿನಲ್ಲಿ ಟೈಪು ಮಾಡಿದ ಉತ್ತರ ಬಂತು. ಅವನು ಬಿದ್ದ ಜಾಗ ಈಗ ನಮ್ಮ ಕೈಯಲ್ಲಿಲ್ಲ, ಅಲ್ಲಿ ಹಿಮ ತುಂಬಿದೆ, ದೇಹ ಸಿಕ್ಕಿಲ್ಲ, ವಿಷಾದಿಸುತ್ತೇವೆ. ಅದನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಒಂದು ದಿನ ಹೇಳಲಾಗಲಿಲ್ಲ. ಎರಡನೇ ದಿನವೂ ಆಗಲಿಲ್ಲ. ಹೇಳಿದರೆ ಅವಳು ಇಲ್ಲಿಂದ ಎದ್ದು ಎಲ್ಲಿಗೆ ಹೋಗಬೇಕು? ನಾಲ್ಕು ದಿನ ಆ ಕಾಗದ ಜೇಬಿನಲ್ಲೇ ಬೆವರಿಗೆ ನೆನೆಯಿತು. ಅಷ್ಟು ಹೇಡಿ ನಾನು.

ಭಾನುವಾರ ಏನಾದರಾಗಲಿ ಅಂತ ಗಟ್ಟಿ ಮನಸ್ಸು ಮಾಡಿ ಮಧ್ಯಾಹ್ನವೇ ಬಂದೆ. ಬಾಯಿ ತೆಗೆಯುವಷ್ಟರಲ್ಲಿ ಒಂದು ಗಾಡಿ ಬಂದು ನಿಂತಿತು. ಎರಡು ಡಬ್ಬಿ ಪೂರ್ತಿ ಮಿಲಿಟ್ರಿಯವರು. ಅವಳು ದಡಕ್ಕನೆ ಎದ್ದಳು. ಕಿಟಕಿಯಿಂದ ಕಿಟಕಿಗೆ ಓಡಿದಳು, ನಾನು ಹಿಂದೆ ಹಿಂದೆ. "ನನ್ ಮಗ ಎಲ್ಲಪ್ಪಾ? ತಂದಿದ್ದೀರಾ?" ಅಂತ ಕನ್ನಡದಲ್ಲಿ ಕೇಳಿದಳು, ತೆಲುಗಿನಲ್ಲಿ ಕೇಳಿದಳು, ಅರೆಬರೆ ತಮಿಳಿನಲ್ಲೂ ಕೇಳಿದಳು. ಅವರು ಉತ್ತರದ ಕಡೆಯವರು, ಒಂದು ಅಕ್ಷರ ತಿಳಿಯಲಿಲ್ಲ. ಕೊನೆಯ ಕಿಟಕಿಯಲ್ಲಿ ಒಬ್ಬ ಹುಡುಗನಿದ್ದ. ಮೀಸೆ ಈಗಷ್ಟೇ ಬರುತ್ತಿತ್ತು. ಒಂದು ಕಿವಿಗೆ ಪಟ್ಟಿ ಕಟ್ಟಿತ್ತು. ಹಸಿದ ಮುದುಕಿ ಅಂದುಕೊಂಡನೋ ಏನೋ, ತಾನು ತಿನ್ನುತ್ತಿದ್ದ ರೊಟ್ಟಿಯನ್ನು ಮುರಿದು ಅರ್ಧ ಅವಳ ಕೈಗಿಟ್ಟ.

ಅವಳು ಹೊಸ ಪಂಚೆಯಿದ್ದ ಚೀಲವನ್ನು ತಟಕ್ಕನೆ ಹೆಗಲಿಗೇರಿಸಿ ಬೆನ್ನ ಹಿಂದೆ ಮರೆಮಾಡಿದಳು. ಆ ಬಟ್ಟೆಯ ನೆರಳೂ ಬದುಕಿರುವವನ ಮೇಲೆ ಬೀಳಬಾರದಲ್ಲ. ಇನ್ನೊಂದು ಕೈಯನ್ನು ಕಿಟಕಿಯ ಕಂಬಿಯೊಳಗೆ ತೂರಿಸಿ ಅವನ ಗದ್ದ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, ಕಣ್ಣು ತುಂಬ ನೋಡಿದಳು. ಹುಡುಗ ನಾಚಿಕೊಂಡು ನಕ್ಕ. ಏನೋ ಅಂದ, "ಮಾ" ಅನ್ನುವುದೊಂದೇ ನನಗೆ ತಿಳಿದದ್ದು. ಶಿಳ್ಳೆಯಾಯಿತು. ಗಾಡಿ ಅಲುಗಿತು. ಅವಳು ಕಂಬಿ ಬಿಡದೆ ನಾಲ್ಕು ಹೆಜ್ಜೆ ಜೊತೆಗೇ ನಡೆದಳು. ನಾನು ರಟ್ಟೆ ಹಿಡಿದು ಎಳೆದುಕೊಂಡೆ.

ಗಾಡಿಯ ಕೊನೆಯ ಡಬ್ಬಿ ಮರೆಯಾದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಅವ್ನ ಊರು ಬರ್ಕೊಂಡ್ಯಾ?"

"ಯಾರ ಊರಮ್ಮಾ?"

"ಆ ಉಡ್ಗಂದು. ಅವ್ರಮ್ಮ ಎಲ್ಲಿ ಕೂತವ್ಳೋ ಏನೋ. ನಿನ್ ಮಗನ್ ಮುಖ ನಾನ್ ನೋಡ್ದೆ, ಕಿವಿಗೆ ಒಸಿ ಏಟಾಗೈತೆ, ರೊಟ್ಟಿ ತಿಂತಿದ್ದ, ನಗ್ತಿದ್ದ ಅಂತ ಒಂದು ಕಾಗದ ಆಕು."

"ಅವನ ಹೆಸರೂ ಗೊತ್ತಿಲ್ಲಮ್ಮಾ. ಕೇಳಲಿಲ್ಲ."

"ಕೇಳ್ಲಿಲ್ವಾ?" ಅವಳ ದನಿ ಏರಿತು. ರೊಟ್ಟಿ ಹಿಡಿದ ಕೈಯಿಂದಲೇ ನನ್ನ ಎದೆಗೆ ಗುದ್ದಿದಳು. "ಇಷ್ಟೊಂದು ಓದವ್ನೆ ಅಂತಾರೆ. ಒಂದು ಊರಿನ ಎಸರು ಕೇಳಕ್ಕೆ ಆಗ್ಲಿಲ್ವಾ ನಿಂಗೆ? ಬಾಯಾಗೆ ಏನಿಟ್ಕೊಂಡಿದ್ದೆ? ಜೇಬ್ನಾಗೆ ಕಾಗದ ಐತಲ್ಲ, ಅದ್ರ ಮೇಲೆ ಬರ್ಕೊಳ್ಳಕ್ಕೇನಾಗಿತ್ತು?"

ಆ ಕಾಗದ ತೆಗೆದೆ. ನಿಂತಲ್ಲೇ ಓದಿ, ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳಿದೆ. ಈ ಸಲ ಒಂದು ಸಾಲೂ ಬಿಡಲಿಲ್ಲ. ದೇಹ ಸಿಕ್ಕಿಲ್ಲ ಅಂದೆ. ಹಿಮದ ಕೆಳಗಿದ್ದಾನೆ ಅಂದೆ. ಯಾರೂ ತರುವುದಿಲ್ಲ ಅಮ್ಮಾ, ನಾನು ಅವತ್ತು ಹೇಳಿದ್ದು ತಪ್ಪು ಅಂದೆ. ಅಷ್ಟು ಹೇಳಿ ನಾನೇ ಅತ್ತುಬಿಟ್ಟೆ, ನಾಲ್ಕು ಜನರೆದುರು, ಮೇಷ್ಟ್ರು ಅನ್ನುವುದನ್ನೂ ಮರೆತು.

ಅವಳು ಪೂರ್ತಿ ಕೇಳಿಸಿಕೊಂಡಳು. ಅಳಲಿಲ್ಲ. ಗಾಡಿ ಹೋದ ದಿಕ್ಕನ್ನೇ ನೋಡುತ್ತಿದ್ದಳು.

"ಆ ಉಡ್ಗನ ಊರು ಕೇಳ್ಬೇಕಾಗಿತ್ತು ಕಣಪ್ಪಾ ನೀನು" ಅಂದಳು.